ನವಮಿಯ ದಿನ ಕದಲಿಸಿದ ಕಾಲು

ಖಂಡೇನವಮಿಯ ಬೆಳಿಗ್ಗೆ ನಾನು ಮನೆ ಹಿಂದಿನ ನಳದ ಕಟ್ಟೆಯ ಮೇಲೆ ಕೂತು ದೇವರ ಸಾಮಾನು ತಿಕ್ಕುತ್ತಿದ್ದೆ. ನೆನೆಸಿದ ಹುಣಸೆಹಣ್ಣು ಒಂದು ಬಟ್ಟಲಲ್ಲಿ, ಸೋಸಿದ ಬೂದಿ ಇನ್ನೊಂದರಲ್ಲಿ. ಎರಡು ದೀಪದ ಸಮೆ ಮುಗಿಸಿ ಆರತಿ ತಟ್ಟೆಗೆ ಕೈ ಹಾಕಿದ್ದೆ. ಆಗ ಗೇಟಿನ ಹೊರಗೆ ಲೂನಾ ಬಂದು ನಿಂತ ಸದ್ದಾಯಿತು. ಮಗಳು ಏಳಕ್ಕೆ ಶಿಬಿರಕ್ಕೆ ಹೋದವಳು, ನೈವೇದ್ಯದ ಹೊತ್ತಿಗೆ ಬರುತ್ತೇನೆ ಎಂದಿದ್ದಳು. ಒಂಬತ್ತೂವರೆಗೇ ತಿರುಗಿ ಬಂದು, ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ನುಗ್ಗಿದಳು.

"ಅವ್ವಾ, ಕಾಕಾನ ಹೆಸರ ಹೊಡದ ಹಾಕ್ಯಾರ."

"ಯಾವ ಕಾಕಾ?"

"ಖಾನಾಪುರದ ಹವಾಲ್ದಾರ ಕಾಕಾ. ಕೆಂಪ ಪೆನ್ನಿಲೆ ಗೀಟ ಎಳದಾರ. ನಿನ್ನೆ ಸಂಜಿಕ ನಾವು ಮನಿಗೆ ಬಂದ ಮ್ಯಾಲೆ ಖಾನಾಪುರದವರನ್ನೆಲ್ಲ ಗಾಡ್ಯಾಗ ಕರಕೊಂಡ ಬಂದು ಅಳತಿ ತಗದ ಕಳಸ್ಯಾರ. ಕಾಕಾ ಒಬ್ಬರನ್ನ ಬಿಟ್ಟಾರ. ಇವತ್ತ ಮೂರಕ್ಕ ಶಿಬಿರ ಮುಗೀತೈತಿ."

"ಯಾಕ ಬಿಟ್ಟಾರಂತ?"

"ಬಾಜೂಕ ಬರದಾರ, ಸತ್ಕಾರ ಸಮಾರಂಭಕ್ಕ ಅಂತ. ಮಂಡಳಿ ಅಧ್ಯಕ್ಷರನ್ನ ಕೇಳಿದೆ. ಸ್ಟೇಜಿನ ಮ್ಯಾಲೆ ಅತಿಥಿ ಪಾವಣ್ಯಾರ ಕೈಲೆ ಅವರಿಗೆ ಹೊಸಾ ಕಾಲ ಕೊಡಸೂದೈತಿ, ಈಗ ಎಲ್ಲಾರ ಜೋಡಿ ಕೊಟ್ಟಬಿಟ್ರ ಅದಕ್ಕೇನ ಕಿಮ್ಮತ್ತು ಅಂದ್ರು. ಅಳತಿ ಇಲ್ಲದ ಕಾಲ ಎಲ್ಲಿಂದ ಬರತೈತ್ರಿ ಅಂದೆ. ಅದನ್ನ ಹೆಂಗರೆ ಮಾಡೂಣು, ನೀ ಹೋಗಿ ಚಹಾ ಹಂಚು ಅಂದ್ರು."

ನನ್ನ ಕೈಯ ಆರತಿ ತಟ್ಟೆ ನಳದ ಕೆಳಗೆ ಹೋಗಿ ಬಿತ್ತು. ಜಾರಿದ್ದಲ್ಲ, ನಾನೇ ಒಗೆದೆ. ದೇವರ ತಟ್ಟೆ ಒಗೆದೆನಲ್ಲ ಎಂದು ಕೂಡಲೇ ಕೆನ್ನೆ ಬಡಿದುಕೊಂಡೆ. ಆದರೂ ಸಿಟ್ಟು ಇಳಿಯಲಿಲ್ಲ. ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯುವಾಗಲೂ ಪೂರ್ತಿ ಇಳಿದಿಲ್ಲ.

ಹವಾಲ್ದಾರ ಕಾಕಾ ನಮಗೆ ಹೇಗೆ ಗಂಟುಬಿದ್ದರು ಎಂಬುದನ್ನು ಹೇಳಬೇಕು. ಅದರ ಹಿಂದಿನ ವರ್ಷ ಹಿಮದ ಗುಡ್ಡಗಳಲ್ಲಿ ಯುದ್ಧ ನಡೆದಾಗ ನನ್ನ ತಮ್ಮ ಅಲ್ಲಿದ್ದ. ಎರಡು ತಿಂಗಳು ಅವನ ಕಾಗದವಿಲ್ಲ. ಅವನು ನೆಟ್ಟಗೆ ಮನೆಗೆ ಬಂದರೆ ಒಂದು ವರ್ಷ ಸೈನಿಕರ ಮನೆಗಳಿಗೆ ಹೋಗಿ ಕೈಲಾದ ಸೇವೆ ಮಾಡುತ್ತೇನೆ ಎಂದು ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತೆ. ತಮ್ಮ ಬಂದ. ಹರಕೆ ತೀರಿಸಬೇಕಾಯಿತು. ಏಳನೆಯ ಇಯತ್ತೆ ಕಲಿತ ನನಗೆ ಇಂಗ್ಲಿಷ್ ಅರ್ಜಿ ಬರೆಯಲು ಎಲ್ಲಿ ಬರುತ್ತದೆ? ಆಗಷ್ಟೇ ಕಾಲೇಜು ಸೇರಿದ್ದ ಮಗಳನ್ನು ಜೊತೆಗೆ ಎಳೆದುಕೊಂಡೆ. ಬೆಳಗಾವಿಯಲ್ಲಿ ಆಗ ಮಾಜಿ ಸೈನಿಕರಿಗೆ ನೆರವಾಗುತ್ತೇವೆಂದು ಒಂದು ಮಂಡಳಿ ಹುಟ್ಟಿಕೊಂಡಿತ್ತು. ಅವರು ನಮಗೆ ಖಾನಾಪುರದ ಐದು ಮನೆ ಕೊಟ್ಟರು. ತಿಂಗಳಿಗೆ ಎರಡು ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದೆವು. ಮಗಳು ಅರ್ಜಿ ಬರೆಯುವಳು, ಬಂದ ಕಾಗದ ಓದಿ ಹೇಳುವಳು. ನಾನು ಗಾಯ ತೊಳೆಯುವೆ, ಗುಳಿಗೆ ಎಣಿಸಿ ಡಬ್ಬಿಗೆ ಹಾಕುವೆ, ಮನೆಯ ಹೆಂಗಸರ ಜೊತೆ ಕೂತು ಅವರ ಹೊಟ್ಟೆಯೊಳಗಿನದನ್ನು ಕೇಳುವೆ. ಹರಕೆಯ ವರ್ಷ ಮುಗಿಯಿತು. ಹೋಗುವುದು ಮಾತ್ರ ನಿಲ್ಲಲಿಲ್ಲ.

ಆ ಐದು ಮನೆಗಳಲ್ಲಿ ಒಂದು ಹವಾಲ್ದಾರ ಕಾಕಾ ಅವರದು. ಬಾಂಗ್ಲಾ ಯುದ್ಧದಲ್ಲಿ ನೆಲಬಾಂಬು ಸಿಡಿದು ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಅವರು ಹಾಕುತ್ತಿದ್ದ ಕೃತಕ ಕಾಲು ಹಳೆಯದಾಗಿ, ಮೊಣಕಾಲು ಕೂರುವ ಬಟ್ಟಲಿನಂಥ ಜಾಗದಲ್ಲಿ ಸೀಳಿತ್ತು. ಸೈಕಲ್ ಟ್ಯೂಬು ಸುತ್ತಿ, ಒಳಗೆ ಹಳೆ ಧೋತರದ ಚಿಂದಿ ತುಂಬಿ ನಡೆಯುತ್ತಿದ್ದರು. ಆ ಸೀಳು ಉಜ್ಜಿ ಉಜ್ಜಿ ಉಳಿದ ಕಾಲಿನ ತುದಿಗೆ ಹುಣ್ಣಾಗಿತ್ತು. ಹುಣ್ಣು ಮಾಯದಿದ್ದರೆ ಮೊಣಕಾಲಿನ ಮೇಲೆ ಮತ್ತೊಮ್ಮೆ ಕತ್ತರಿಸಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಮೊಣಕಾಲು ಇದ್ದರೆ ಮನುಷ್ಯ ಗದ್ದೆಯ ಬದುವಿನ ಮೇಲೂ ನಡೆದಾನು. ಹೋದರೆ ಹಾಸಿಗೆ, ಬಾಗಿಲು, ಅಷ್ಟೇ. ಹೊಸ ಕಾಲಿಗಾಗಿ ಮಗಳು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಸರದಿ ಬಂದಾಗ ತಿಳಿಸುತ್ತೇವೆ ಎಂಬ ಉತ್ತರ ಬರುತ್ತಿತ್ತು. ಅಷ್ಟರಲ್ಲಿ ದೂರದ ಊರಿನ ಒಂದು ತಂಡ ದಸರೆ ರಜೆಯಲ್ಲಿ ಖಾಲಿ ಬಿದ್ದ ಶಾಲೆಯೊಂದರಲ್ಲಿ ಮೂರು ದಿನದ ಶಿಬಿರ ಹೂಡಿತು. ಇಲ್ಲಿ ಅಳತೆ ತೆಗೆದುಕೊಂಡು ಹೋಗಿ, ಅಲ್ಲಿ ಕಾಲು ಮಾಡಿ ಕಳಿಸುತ್ತಾರೆ. ಊರಿನ ಕಡೆಯ ವ್ಯವಸ್ಥೆಯೆಲ್ಲ ನಮ್ಮ ಮಂಡಳಿಯದು. ಖಾನಾಪುರದವರು ಮೂರನೆಯ ದಿನ ಎಂದು ನಮಗೆ ಹೇಳಿದ್ದರು. ನಾವು ತಾಯಿ ಮಗಳು ಎರಡು ದಿನ ಅಲ್ಲಿ ಚಹಾ ಕೊಟ್ಟು, ಚೀಟಿ ಬರೆದು, ನಾಳೆ ಕಾಕಾ ಬರುತ್ತಾರೆ ಎಂದು ಖುಷಿಯಲ್ಲಿದ್ದೆವು.

ಕೈಯ ಬೂದಿ ತೊಳೆದು ಬಾಜು ಮನೆಯಿಂದ ಖಾನಾಪುರಕ್ಕೆ ಫೋನು ಮಾಡಿದೆವು. ಕಾಕಾ ಮನೆಯ ಓಣಿಯ ಬಾಯಲ್ಲಿ ಒಂದು ಫೋನಿನ ಅಂಗಡಿ, ಕರೆದರೆ ಕೂಗಿ ಹೇಳುತ್ತಿದ್ದರು. ಗಂಟೆ ಬಾರಿಸುತ್ತಲೇ ಇತ್ತು, ಎತ್ತಲಿಲ್ಲ. ಎತ್ತುವುದು ಹೇಗೆ, ಅವರೂ ಫೋನಿಗೆ ಕುಂಕುಮ ಹಚ್ಚಿ ಪೂಜೆಗೆ ಕೂರಿಸಿದ್ದರಂತೆ. ನವಮಿಯ ದಿನ ನಮ್ಮ ಕಡೆ ಉಪಯೋಗಕ್ಕೆ ಬರುವ ಸಾಮಾನೆಲ್ಲ ದೇವರಾಗುತ್ತದೆ. ಪೂಜೆಗಿಟ್ಟ ಮೇಲೆ ಮರುದಿನ ಬನ್ನಿ ಕೊಡುವ ತನಕ ಕದಲಿಸುವಂತಿಲ್ಲ. ನಮ್ಮ ಮನೆಯವರೂ ತಾವು ಕೆಲಸ ಮಾಡುವ ಫೌಂಡ್ರಿಯಲ್ಲಿ ಭಟ್ಟಿ ಆರಿಸಿ ಕಾಯಿ ಒಡೆಯಲು ಹೋಗಿದ್ದರು. ನಮ್ಮ ನಗರದ ಮೂಲೆಯ ಆಟೋದವನು ಮಾಲೆ ಹಾಕಿದ ಗಾಡಿಯ ಪಕ್ಕ ಕೂತು ಚುರಮುರಿ ತಿನ್ನುತ್ತಿದ್ದ.

"ಬಸ್ ಸ್ಟ್ಯಾಂಡಿಗೆ ಬಿಡಪಾ, ಅವಸರ ಐತಿ."

"ಪೂಜಾ ಆಗೇತ್ರಿ ಬಾಯಾರ. ನಾಳೆ ಹೇಳ್ರಿ, ಗೋವಾಕ ಅಂದ್ರೂ ಬರತೇನಿ."

ನಮ್ಮ ಲೂನಾ ಒಂದು ತೊಳೆಯದೆ ಪೂಜೆಯಾಗದೆ ಉಳಿದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗಳ ಹಿಂದೆ ಕೂತೆ. ಸಣ್ಣ ಸಣ್ಣ ಉಪಕಾರಗಳನ್ನು ದೇವರ ಹೆಸರಿಗೆ ಹಚ್ಚುವುದು ನನ್ನ ಚಟ. ಲೂನಾ ಮೊದಲ ಸಲಕ್ಕೇ ಶುರುವಾದದ್ದು ಒಂದು. ಬಾಳೆಕಂದು ಕಟ್ಟಿಸಿಕೊಂಡು ನಿಂತಿದ್ದ ಖಾನಾಪುರದ ಬಸ್ಸಿಗೆ ಕುಂಬಳಕಾಯಿ ಒಡೆದು, ಸರಕಾರಿ ಗಾಡಿ ನಿಲ್ಲಿಸುವಂತಿಲ್ಲವೆಂದು ಹೊರಡಿಸಿದ್ದು ನಾವು ಹತ್ತಿದ ಐದನೆಯ ನಿಮಿಷಕ್ಕೆ, ಅದೊಂದು. ದಾರಿಯುದ್ದಕ್ಕೂ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ನನಗೆ ಇನ್ನೊಂದು ಹೆದರಿಕೆ ಶುರುವಾಗಿತ್ತು.

ಖಾನಾಪುರದಲ್ಲಿ ಇಳಿದು, ಹಂಚಿನ ಭಟ್ಟಿ ದಾಟಿ ಓಣಿಗೆ ಬಂದಾಗ ಹನ್ನೊಂದೂಮುಕ್ಕಾಲು. ಕಾಕಾ ಪಡಸಾಲೆಯ ಮಂಚದ ಮೇಲೆ, ಎರಡು ಊರುಗೋಲು ಗೋಡೆಗೆ. ಬಲಗಡೆಯ ಪಾಯಜಾಮ ಮಡಚಿ ಪಿನ್ನು ಹಾಕಿತ್ತು.

"ಯಾ, ಯಾ, ಬರ್ರಿ! ಹಬ್ಬದ ದಿನ ಬಂದ್ರಿ! ಅಗ, ನೋಡ ಬಾ, ಬೆಳಗಾವಿ ಫೌಜ್ ಬಂದೈತಿ!" ಎಂದು ಒಳಗಿದ್ದ ಹೆಂಡತಿಯನ್ನು ಕರೆದರು. ಅವರಿಗೆ ನಾವು ಕಾಕು ಎನ್ನುತ್ತಿದ್ದೆವು. ಮನೆಮಾತು ಮರಾಠಿ, ನಮ್ಮ ಸಲುವಾಗಿ ಇಬ್ಬರೂ ಕನ್ನಡ ಆಡುವರು.

ಮಗಳು ನಿಂತಲ್ಲೇ ಎಲ್ಲ ಹೇಳಿದಳು. ಕಾಕಾ ತಲೆ ಕೆರೆದುಕೊಂಡರು. "ಅಧ್ಯಕ್ಷರು ತಾವ ಬಂದ ಹೇಳಿದ್ರಲ್ಲ ಪೋರಿ, ನಿಮ್ಮದ ಬ್ಯಾರೆ ಐತಿ, ದೊಡ್ಡ ಕಾರ್ಯಕ್ರಮದಾಗ ಕೊಡತೇವಿ ಅಂತ. ಇದss ಕಾಲ ಹಾಕ್ಕೊಂಡ ನಡಕೋತ ಸ್ಟೇಜ್ ಹತ್ತರಿ ಅಂದ್ರು. ಅಳತಿಗೆ ಮನಿಗೆ ಬರತಾರಂತ ನಾ ತಿಳಕೊಂಡೆ."

"ಯಾರೂ ಬರಂಗಿಲ್ಲ ಕಾಕಾ. ಸಂಜಿಕ ಅವರ ರೈಲ ಐತಿ. ಏಳ್ರಿ, ಹೋಗೂಣು. ಹಳೇ ಕಾಲ ತಗೊಂಡ ಬರಬೇಕು. ಅದರ ಮ್ಯಾಲೆ ಉದ್ದ ನೋಡತಾರ, ಅದನ್ನ ತೋರಿಸದ ಹೊಸಾದು ಬರಕೊಳ್ಳಂಗಿಲ್ಲ."

ಕಾಕು ದೇವರ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಅವರು ನನ್ನ ಮಗಳನ್ನು ನೋಡಲಿಲ್ಲ, ಕಾಕಾ ಅವರನ್ನೂ ನೋಡಲಿಲ್ಲ. ನನ್ನನ್ನೇ ನೋಡಿದರು.

ಒಳಗೆ ಘಟದ ಮುಂದೆ ನಂದಾದೀಪ, ಒಂಬತ್ತು ದಿನದ ಹಳದಿ ಮೊಳಕೆ. ಪಕ್ಕದ ಮಣೆಯ ಮೇಲೆ ಕುಡುಗೋಲು, ಕೊಡಲಿ, ಒರಳಿನ ಹಾರೆ. ಅವುಗಳ ನಡುವೆ, ಗೋಡೆಗೆ ಒರಗಿಸಿ ನಿಲ್ಲಿಸಿದ ಕಾಲು. ಐದು ಬೆರಳಿಗೂ ಕುಂಕುಮ, ಸೈಕಲ್ ಟ್ಯೂಬಿನ ಮೇಲೆ ಚೆಂಡುಹೂವಿನ ಮಾಲೆ, ಪಾದದ ಮುಂದೆ ಒಂದು ನಿಂಬೆಹಣ್ಣು.

ಇದು ನಾನು ಮಾಡಿದ್ದು. ಹಿಂದಿನ ವರ್ಷ ಇದೇ ಹಬ್ಬಕ್ಕೆ ಬಂದಾಗ ಕಾಕು ಬರೀ ಕುಡುಗೋಲು ಕೊಡಲಿ ಇಟ್ಟಿದ್ದರು. "ಸೈನಿಕರಿಗೆ ಕಾಲ ಅಂದ್ರ ಬಂದೂಕಿಗಿಂತ ಕಡಿಮಿ ಏನ್ರಿ? ಅದನ್ನೂ ಇಡ್ರಿ" ಎಂದು ನಾನೇ ತೊಳೆದು, ನಾನೇ ಕುಂಕುಮ ಹಚ್ಚಿ ಇಟ್ಟಿದ್ದೆ. ಬನ್ನಿ ಮುಡಿಯುವ ತನಕ ಕದಲಿಸಬಾರದು, ಕದಲಿಸಿದರೆ ದೇವಿ ಮುನಿಯುತ್ತಾಳೆ ಎಂದು ಬೆರಳೆತ್ತಿ ಹೇಳಿದ್ದೆ. ಅದಾದ ಮೇಲೆ ಎರಡು ತಿಂಗಳು ಹುಣ್ಣು ಒಣಗಿತ್ತು. ಕಾಕು ಅದನ್ನು ದೇವಿಯ ಲೆಕ್ಕಕ್ಕೆ ಬರೆದುಕೊಂಡರು. ನಾನೂ ಬರೆದುಕೊಂಡೆ, ಸುಳ್ಳು ಯಾಕೆ ಹೇಳಲಿ.

"ನಾಳೆ ಬನ್ನಿ ಆದ ಮ್ಯಾಲೆ ಒಯ್ಯರಿ" ಎಂದರು ಕಾಕು.

"ನಾಳೆ ಅವರ ಇರಂಗಿಲ್ಲ ಕಾಕು!"

"ದೇವಿಗೆ ಇಟ್ಟದ್ದು ಎಬ್ಬಸಬಾರದು ಪೋರಿ. ನಿಮ್ಮವ್ವನ್ನ ಕೇಳ. ಆಕೀನ ಹೇಳ್ಯಾಳ."

ಮಗಳು ನನ್ನ ಕಡೆ ತಿರುಗಿದಳು. "ಹೇಳ ಅವ್ವಾ. ಮಾತಾಡ."

ನಾನು ಮಣೆಯ ಮೇಲಿನ ಕಾಲಿಗೆ ಕೈ ಮುಗಿದೆ. ನನಗೂ ಕಾಕು ಹೇಳುವುದೇ ಸರಿ ಅನ್ನಿಸುತ್ತಿತ್ತು. ಹುಟ್ಟಿದಾಗಿನಿಂದ ನಂಬಿದ್ದನ್ನು ಒಂದು ಗಳಿಗೆಯಲ್ಲಿ ಬಿಡುವುದು ಎಲ್ಲಿಂದ ಬರುತ್ತದೆ? ಆ ಮನೆಗೆ ಏನಾದರೂ ಕೆಟ್ಟದ್ದಾದರೆ ಅದು ನನ್ನ ಕೈಯಿಂದಲೇ ಆಯಿತು ಅಂತಾಗುತ್ತದೆ ಎಂದು ಹೆದರಿದೆ. ಮಗಳಿಗೆ ಸಹನೆ ತಪ್ಪಿತು.

"ನಿಮ್ಮ ಕುಂಕುಮ ಹತ್ತಿದ ಕಾಲ ರಬ್ಬರ್‌ದವ್ವಾ. ಮಂಚದ ಮ್ಯಾಲಿರೂದ ಖರೇ ಕಾಲ. ಯಾವದ ಉಳಿಸಬೇಕು ಹೇಳ. ಆ ಅಧ್ಯಕ್ಷ ಸ್ಟೇಜಿನ ಸಲುವಾಗಿ ಇವರನ್ನ ಇಟ್ಟುಕೊಂಡಾನ, ನೀವಿಬ್ಬರೂ ಮಣಿ ಮ್ಯಾಲೆ ಇಟ್ಟುಕೊಂಡೀರಿ. ಏನ ಫರಕ ಐತಿ?"

ಯಾರಾದರೂ ನನ್ನ ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. "ನಾಲಿಗಿ ಬಿಗಿಹಿಡಿ!" ಎಂದೆ. ಅವಳು ಹಿಡಿಯಲಿಲ್ಲ, ಹೊರಗೆ ಹೋಗಿ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಳು.

ಆಗ ಮಂಚದಿಂದ ಕಾಕಾ ಕೆಮ್ಮಿದರು. "ಪಲ್ಟನ್‌ದಾಗ ನವಮಿಗೆ ನಾವೂ ಬಂದೂಕ ಇಡತಿದ್ದೆವು. ಸಾಲಾಗಿ, ಹೂ ಏರಿಸಿ. ಒಂದ ಸಲ ಪೂಜಾ ಆಗಿ ಪ್ರಸಾದ ಬಾಯಾಗ ಇಟ್ಟುಕೊಂಡೇವಿ, ತಯಾರ ಆಗ್ರಿ ಅಂತ ಹುಕುಂ ಬಂತು."

"ಮತ್ತ ಏನ ಮಾಡಿದ್ರಿ?" ಕಾಕು ಕೇಳಿದರು. ಮೂವತ್ತು ವರ್ಷದ ಸಂಸಾರದಲ್ಲಿ ಇದನ್ನು ಅವರು ಕೇಳಿರಲಿಲ್ಲವೆಂದು ಕಾಣುತ್ತದೆ.

"ಏನ ಮಾಡೂದು? ಪಂಡಿತಜಿ ಒಂದ ಅಕ್ಷತಾ ಒಗದ, ಉಠಾವ್ ಅಂದ. ಕುಂಕುಮ ಸಮೇತ ಎತ್ತಿಕೊಂಡ ಓಡಿದಿವಿ. ನನ್ನ ಬಂದೂಕಿನ ಬಾಯಾಗಿನ ಹೂ ಎರಡ ದಿನಾ ಹಂಗss ಇತ್ತ. ದೇವಿ ಸಿಟ್ಟ ಆಗಿದ್ರ ಅವತ್ತss ಆಗತಿದ್ದಳು. ಕಾಲ ಹೋದದ್ದ ಅದಾಗಿ ಮೂರ ವರ್ಷಕ್ಕ, ಡಿಸೆಂಬರದ ಥಂಡ್ಯಾಗ."

ಅಷ್ಟು ಸಾಕಾಯಿತು ನನಗೆ. ಕೈಕಾಲು ತೊಳೆದು ದೇವರ ಕೋಣೆಗೆ ಹೋದೆ. ಭಟ್ಟರಿಲ್ಲ, ಮಂತ್ರ ಬರುವುದಿಲ್ಲ. ಗಣಪತಿಯನ್ನು ಕಳಿಸುವಾಗ ಅಕ್ಷತೆ ಹಾಕಿ ಉತ್ತರಕ್ಕೆ ತುಸು ಸರಿಸುತ್ತಾರಲ್ಲ, ಅಷ್ಟು ನೋಡಿ ಗೊತ್ತು. ಬೆಲ್ಲದ ಚೂರು ಇಟ್ಟೆ, ಅಕ್ಷತೆ ಹಾಕಿದೆ, ಎರಡೂ ಕೈಯಿಂದ ಆ ಕಾಲನ್ನು ಹಿಡಿದು ಉತ್ತರದ ಕಡೆ ನಾಲ್ಕು ಬೆರಳು ಸರಿಸಿದೆ. ಪ್ರಾರ್ಥನೆ ಮಾಡಿದೆ ಎಂದು ಹೇಳಲಾರೆ, ಜಗಳ ಮಾಡಿದೆ. ನಿನಗೆ ಎಷ್ಟು ಉಪವಾಸ ಮಾಡಿದ್ದೇನೆ, ಎಷ್ಟು ಎಣ್ಣೆ ಸುರಿದಿದ್ದೇನೆ, ಒಂದು ಮೊಣಕಾಲು ಬಿಟ್ಟುಕೊಡಲು ನಿನಗೆ ಇಷ್ಟು ಬಿಗುವು ಯಾಕೆ ತಾಯಿ, ಸಿಟ್ಟಾಗುವುದಿದ್ದರೆ ನನ್ನ ಮೇಲೆ ಆಗು ಎಂದೆ. ಬಾಯಿಬಿಟ್ಟೇ ಅಂದಿರಬೇಕು. ಕಾಕು ಹಿಂದಿನಿಂದ ನನ್ನ ಭುಜ ಹಿಡಿದರು.

"ಎಲ್ಲಾ ನೀ ಒಬ್ಬಾಕೀನ ಹೊರಬ್ಯಾಡ ತಂಗಿ. ಅರ್ಧಾ ನನಗ ಇರಲಿ."

ಮಾಲೆ ತೆಗೆಯಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಕಾಕು ಹಾಗೇ ಹಳೆ ಸೀರೆಯಲ್ಲಿ ಸುತ್ತಿದರು.

ವಾಪಸು ಬಸ್ಸಿಗೆ ಕಾದರೆ ಆಗುತ್ತಿರಲಿಲ್ಲ. ಓಣಿಯಲ್ಲಿ ಇಟ್ಟಂಗಿ ಸಾಗಿಸುವ ಟೆಂಪೋದ ಒಬ್ಬ ಚಾಚಾ ಇದ್ದರು, ಬಿಳಿ ಗಡ್ಡ, ಕಾಕಾ ಜೊತೆ ಶಾಲೆ ಕಲಿತವರು. ಮಗಳು ಅಷ್ಟರಲ್ಲಿ ಅವರನ್ನು ಊಟದ ತಾಟಿನಿಂದ ಎಬ್ಬಿಸಿಕೊಂಡು ಬಂದಿದ್ದಳು.

"ಕ್ಯಾ ಹವಾಲ್ದಾರ, ಊರಿಗೆಲ್ಲ ಛುಟ್ಟಿ, ನನಗ ನೀ ಡ್ಯೂಟಿ ಹಚ್ಚತಿ?"

"ಸಾಲ್ಯಾಗ ನನ್ನ ಪಾಟಿ ನೋಡಿ ಲೆಕ್ಕಾ ಬರದಿಯಲ್ಲ, ಅದನ್ನ ತೀರಸ ಇವತ್ತ."

"ನಿನ್ನ ಲೆಕ್ಕಾ ತಪ್ಪ ಇತ್ತಲೇ, ಅದನ್ನ ಬರದ ನಾ ಛಡಿ ತಿಂದೇನಿ. ಗಾಡಿ ಹತ್ತ, ಲಂಗಡ್ಯಾ."

ಕಾಕಾ ಹೊಟ್ಟೆ ಹಿಡಿದು ನಕ್ಕರು. ಅವರನ್ನು ಹಾಗೆ ಕುಂಟ ಎಂದು ಕರೆಯುವ ಅಧಿಕಾರ ಇಡೀ ಖಾನಾಪುರದಲ್ಲಿ ಆ ಒಬ್ಬ ಮನುಷ್ಯನಿಗೆ ಇತ್ತು. ಕಾಕಾ ಮುಂದೆ ಕೂತರು, ನಾವಿಬ್ಬರು ಹಿಂದೆ ಇಟ್ಟಂಗಿ ಪುಡಿಯ ಮೇಲೆ ಚೀಲ ಹಾಸಿಕೊಂಡು ಕೂತೆವು. ಸೀರೆಯಲ್ಲಿ ಸುತ್ತಿದ ಕಾಲು ನನ್ನ ತೊಡೆಯ ಮೇಲೆ. ಕಾಕು ನಂದಾದೀಪ ಆರಬಾರದೆಂದು ಮನೆಯಲ್ಲೇ ಉಳಿದರು.

ಆ ಹಳೆ ಟೆಂಪೋ ತೆವಳುತ್ತ ಶಾಲೆ ಮುಟ್ಟಿದಾಗ ಎರಡೂವರೆ ದಾಟಿತ್ತು. ಬೆಂಚುಗಳನ್ನು ಮತ್ತೆ ಸಾಲಾಗಿ ಇಡುತ್ತಿದ್ದರು. ಪ್ಲಾಸ್ಟರಿನ ಚೀಲಕ್ಕೆ ಹಗ್ಗ ಬಿಗಿದಾಗಿತ್ತು. ಅಳತೆ ತೆಗೆಯುವವರು ವಯಸ್ಸಾದ ಮನುಷ್ಯ, ಆಡುವುದು ಹಿಂದಿ ಒಂದೇ. ಮಗಳು ಹೇಳಿದ್ದನ್ನು ಕೇಳಿ ಪಟ್ಟಿ ತೆರೆದು ನೋಡಿದರು, ಕೆಂಪು ಗೀಟು ನೋಡಿದರು. ಹಗ್ಗ ಬಿಚ್ಚಿದರು. ನಾನು ಸೀರೆ ಬಿಡಿಸಿ ಕಾಲು ಕೊಟ್ಟೆ. ಕುಂಕುಮ, ಮಾಲೆ ನೋಡಿ ಅವರು ಮೊದಲು ಅದನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತಿರುಗಿಸಿ ಸೀಳು ನೋಡಿದರು, ಕಾಕಾ ಅವರ ಹುಣ್ಣು ನೋಡಿದರು. ಮುಖ ಗಂಟಾಯಿತು. ಇವತ್ತಿನಿಂದ ಇದನ್ನು ಹಾಕಲೇಬಾರದು, ಹೊಸದು ಬರುವ ತನಕ ಊರುಗೋಲು, ಇನ್ನು ಒಂದು ತಿಂಗಳು ಇದರ ಮೇಲೆ ನಡೆದಿದ್ದರೆ ಮೊಣಕಾಲು ಉಳಿಯುತ್ತಿರಲಿಲ್ಲ ಎಂದರು. ಸಮಾರಂಭ ಇದ್ದದ್ದು ಇನ್ನೂ ಒಂದು ತಿಂಗಳಿಗೆ.

ಅಳತೆಗೆ ಹಸಿ ಪ್ಲಾಸ್ಟರ್ ಪಟ್ಟಿ ಸುತ್ತುತ್ತಿರುವಾಗ ಅಧ್ಯಕ್ಷರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಉದ್ದ ನಾಮ, ಹಿಂದೆ ಫೋಟೋದವನು.

"ಅಕ್ಕಾರ, ಇದೇನ ಹಚ್ಚೀರಿ? ಇವರದ ಬ್ಯಾರೆ ವ್ಯವಸ್ಥಾ ಮಾಡೇವಂತ ಹೇಳಿದ್ದಿಲ್ಲ? ಹಿಂಗ ಮಾಡಿದ್ರ ಶಿಸ್ತ ಎಲ್ಲಿ ಉಳೀತು?"

"ಶಿಸ್ತ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮುರದ ಕಾಲ ಹಾಕಿ ಸ್ಟೇಜ್ ಹತ್ತಸಾಕ ಒಬ್ಬ ಸೈನಿಕನ ಹೆಸರ ಹೊಡದ ಹಾಕೂದು, ಇದ್ಯಾವ ಶಿಸ್ತ ರೀ? ಅವರ ಹುಣ್ಣ ನಾ ತೊಳದೇನಿ, ನೀವ ಒಂದ ದಿವಸರೆ ನೋಡೀರೇನು? ನಿಮಗ ಗುಣಾ ಆದವ ಬೇಕಾಗಿದ್ದಿಲ್ಲ. ಕುಂಟ ಬೇಕಾಗಿದ್ದ."

ಅಂದುಬಿಟ್ಟೆ. ಅಂದ ಮೇಲೆ ಕಾಕಾ ಅಲ್ಲೇ ಕೂತಿದ್ದಾರೆಂದು ನೆನಪಾಯಿತು. ಕಾಕಾ ತಲೆ ಎತ್ತದೆ ಹೇಳಿದರು, "ಇನ್ನೊಂದ ಸಲ ಅನ್ನ ತಂಗಿ. ಸಾಹೇಬ್ರಿಗೆ ಆ ಕಿವಿ ಸೊಲ್ಪ ಮಂದ."

ಬೆಂಚು ಹೊರುತ್ತಿದ್ದವರಲ್ಲಿ ಯಾರೋ ನಕ್ಕರು. ಅಧ್ಯಕ್ಷರ ಮುಖ ಕೆಂಪೇರಿತು, ಆದರೂ ಆ ಮನುಷ್ಯ ಬಿಡಲಿಲ್ಲ. ನಮ್ಮದೆಲ್ಲ ಇವರ ಒಳ್ಳೆಯದಕ್ಕೇ, ನಾಲ್ಕು ಜನರ ಮುಂದೆ ಗೌರವ ಸಿಗಲೆಂದು ಎಂದು ಶುರು ಮಾಡಿದರು. ಮಾತಿನ ನಡುವೆ ಅವರ ಕಣ್ಣು ಕುಂಕುಮದ ಕಾಲಿನ ಮೇಲೆ ಬಿತ್ತು. ಅದನ್ನು ಕಾಕಾ ಕೈಗೆ ಕೊಡಿರಿ, ಮಾಲೆ ಸಮೇತ ಒಂದು ಫೋಟೋ ತೆಗೆಯೋಣ, ಪೇಪರಿಗೆ ಬಹಳ ಛಂದ ಬರುತ್ತದೆ ಎಂದರು! ಆ ಕಾಲನ್ನು ದೇವಿಯ ಮುಂದಿನಿಂದ ಎಬ್ಬಿಸಲು ಎರಡು ಹೆಂಗಸರು ಏನೇನು ಹೊತ್ತುಕೊಂಡೆವು ಎಂಬುದು ಆ ಬಿಳಿ ಅಂಗಿಗೆ ಏನು ಗೊತ್ತು? ನಾನು ಕಾಲನ್ನು ಸೀರೆಯಲ್ಲಿ ಮುಚ್ಚಿ ಎದೆಗೆ ಅವುಚಿಕೊಂಡು ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತೆ. ಪ್ಲಾಸ್ಟರು ಒಣಗುವ ತನಕ ಹಾಗೇ ನಿಂತಿದ್ದೆ.

ಕೊನೆಗೆ ಕಾಲು ಕಳಿಸಬೇಕಾದ ವಿಳಾಸ ಬರೆಯಬೇಕಿತ್ತು. "ಮಂಡಳಿ ಆಫೀಸಿನದ ಹಾಕು" ಎಂದರು ಅಧ್ಯಕ್ಷರು. ಮಗಳು ಕೇಳಿಸದವಳಂತೆ ಖಾನಾಪುರದ ಓಣಿ, ಮನೆ ನಂಬರು ಬರೆದಳು. ಕೆಳಗಿನ ಹಾಳೆಯಲ್ಲೂ ಅಚ್ಚು ಮೂಡುವಷ್ಟು ಒತ್ತಿ ಬರೆದಳು. ಕಾಕಾ ಅಧ್ಯಕ್ಷರಿಗೆ ಕೈಮುಗಿದು, "ಕಾರ್ಯಕ್ರಮಕ್ಕ ಬರತೇನ್ರಿ ಸಾಹೇಬ್ರ, ಕೆಳಗ ಕುಂತ ಚಪ್ಪಾಳಿ ಹೊಡಿತೇನಿ" ಎಂದರು. ಅವರು ಕೈಮುಗಿದದ್ದಕ್ಕೂ ನನಗೆ ಸಿಟ್ಟು ಬಂತು. ಯುದ್ಧ ಮಾಡಿ ಬಂದ ಮನುಷ್ಯ ಯಾಕೆ ಕೈ ಮುಗಿಯಬೇಕು?

ಹೊಸ ಕಾಲು ದೀಪಾವಳಿಯೂ ಸಮಾರಂಭವೂ ಕಳೆದ ಮೇಲೆ ನೇರ ಅವರ ಮನೆಗೇ ಬಂತು. ಮೊಣಕಾಲು ಉಳಿಯಿತು. ಸಮಾರಂಭದ ದಿನ ಅವರಿನ್ನೂ ಊರುಗೋಲಿನ ಮೇಲಿದ್ದರು, ಹೋಗಲಿಲ್ಲ. ಮಂಡಳಿಯವರು ಕಣ್ಣು ಕಾಣದ ಇನ್ನೊಬ್ಬ ಮಾಜಿ ಸೈನಿಕರ ಕೈ ಹಿಡಿದು ಸ್ಟೇಜು ಹತ್ತಿಸಿದರಂತೆ, ಜನ ಅತ್ತರಂತೆ. ನಮಗೆ ಮಾತ್ರ ಇನ್ನು ಮುಂದೆ ಬರುವ ಅಗತ್ಯವಿಲ್ಲ ಎಂಬ ಚೀಟಿ ಬಂತು. ನಾವು ಮಂಡಳಿಗೆ ಹೋಗಲಿಲ್ಲ, ಖಾನಾಪುರಕ್ಕೆ ಹೋಗುತ್ತಲೇ ಇದ್ದೆವು. ಬಸ್ಸು ಹತ್ತಲು ಅವರ ಚೀಟಿ ಬೇಕಾಗಿರಲಿಲ್ಲ.

ಅವತ್ತು ಚಾಚಾ ಕಾಕಾ ಅವರನ್ನು ಹೊಳ್ಳಿ ಕರೆದುಕೊಂಡು ಹೋದರು. ನಮ್ಮನ್ನು ಬಸ್ ಸ್ಟ್ಯಾಂಡಿನ ಹತ್ತಿರ ಇಳಿಸಿದರು. ಲೂನಾದ ಮೇಲೆ ಬರುವಾಗ ನಾನು ಮನಸ್ಸಿನಲ್ಲೇ ದಿನದ ಉಪಕಾರ ಕೂಡಿಸುತ್ತಿದ್ದೆ. ಚಾಚಾ ಮನೆಯಲ್ಲಿದ್ದದ್ದು, ಹಗ್ಗ ಬಿಚ್ಚಲು ಆ ಮುದುಕರು ಬೇಸರ ಮಾಡದ್ದು, ಚೀಲದಲ್ಲಿ ಇನ್ನೊಂದು ಕಾಲಿಗಾಗುವಷ್ಟು ಪ್ಲಾಸ್ಟರು ಉಳಿದದ್ದು. ಹಾಗೆ ಕೂಡಿಸಿದರೆ ಬೇರೆ ದಿನ ಮನಸ್ಸು ತಣ್ಣಗಾಗುತ್ತದೆ. ಅವತ್ತು ಆಗಲಿಲ್ಲ. ಒಬ್ಬ ಮನುಷ್ಯನಿಗೆ ಸಲ್ಲಬೇಕಾದ್ದು ಸಲ್ಲಲು ಇಷ್ಟೆಲ್ಲ ಉಪಕಾರ ಯಾಕೆ ಬೇಕು ಎಂದು ದೇವಿಯನ್ನೇ ಕೇಳಿದೆ.

ಗೇಟಿನ ಮುಂದೆ ಮಗಳು ಗಾಡಿ ನಿಲ್ಲಿಸಿದಳು. ಆದರೆ ಇಳಿಯಲಿಲ್ಲ.

"ಅವ್ವಾ, ಒಂದ ಖರೇ ಹೇಳ. ಕಾಕಾ ಆ ಬಂದೂಕಿನ ಮಾತ ಹೇಳದಿದ್ರ ನೀ ಕಾಲ ಕದಲಸತಿದ್ದಿ?"

ಕದಲಿಸುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಹಬ್ಬದ ದಿನ ಸುಳ್ಳು ಬರಲಿಲ್ಲ.

"ಗೊತ್ತಿಲ್ಲವ್ವಾ" ಎಂದೆ.

ಅವಳು ಗಾಡಿಯಿಂದ ಇಳಿದಳು. ಆಮೇಲೆ ನನ್ನ ಸೆರಗಿಗೆ ಹತ್ತಿದ್ದ ಇಟ್ಟಂಗಿ ಪುಡಿಯನ್ನು ಜೋರಾಗಿ, ಬಡಿಯುವಂತೆ ಜಾಡಿಸಿದಳು. ಒಳಗೆ ಮಧ್ಯಾಹ್ನದ ನೈವೇದ್ಯ ಆಗಿಯೇ ಇರಲಿಲ್ಲ, ದೇವರೂ ಹಸಿದಿದ್ದ, ಮನೆಯವರೂ ಬರುವ ಹೊತ್ತು. ನಾನು ಕೈಕಾಲು ತೊಳೆದು, ಹೂರಣಕ್ಕೆ ಕಡಲೆಬೇಳೆ ಅಳೆದು ಮೊರದಲ್ಲಿ ಹಾಕಿಕೊಂಡು, ಹೊಸ್ತಿಲ ಬೆಳಕಿಗೆ ಕೂತು ಕಲ್ಲು ಆರಿಸತೊಡಗಿದೆ.